ಹದಿನೇಳರ ಪ್ರೀತಿಗೆ ಡೊಂಬಿವಲಿಯಲ್ಲಿ ಜಾಗ ಎಲ್ಲಿದೆ?

ಹದಿಹರೆಯದವರ ಪ್ರೀತಿ ಬಗ್ಗೆ ಕನ್ನಡದಲ್ಲಿ ಬರೆದವರು ಕಡಿಮೆ ಇಲ್ಲ. ಆದರೆ ಅವರೇ ಓದಲಿ ಅಂತ, ಅವರ ದಿನ ಹೇಗಿರುತ್ತದೋ ಹಾಗೇ ಬರೆದ ಪ್ರೇಮಕಥೆ ಹುಡುಕಿ ನೋಡಿ. ನನ್ನ ಕೈಗೆ ಸಿಕ್ಕಿದ್ದು ತೀರಾ ಸ್ವಲ್ಪ. ಅದರಲ್ಲೂ ಹೆಚ್ಚಿನವು ಎರಡೇ ದಾರಿ ಹಿಡಿಯುತ್ತವೆ. ಒಂದೋ ಹುಡುಗಿಗೆ ಬುದ್ಧಿ ಬಂದು ಅಪ್ಪನ ಕಾಲು ಹಿಡಿಯುತ್ತಾಳೆ, ಇಲ್ಲಾಂದ್ರೆ ಯಾರಾದರೂ ಸಾಯುತ್ತಾರೆ. ಪ್ರೀತಿಸಿ, ಸಿಕ್ಕಿಬಿದ್ದು, ಬೈಸಿಕೊಂಡು, ಹೊಡೆಸಿಕೊಂಡು, ಮರುದಿನ ಬೆಳಿಗ್ಗೆ ಎದ್ದು ಊದಿದ ಕಣ್ಣಲ್ಲೇ ರೈಲಿನ ಲೇಡೀಸ್ ಡಬ್ಬಿ ಹತ್ತಿ ಕಾಲೇಜಿಗೆ ಹೋಗುವ ಹುಡುಗಿ ಎಲ್ಲಿ? ಮುಂಬೈಯಲ್ಲಿ ನಾನು ದಿನಾ ನೋಡುವುದು ಅವಳನ್ನೇ.

ನಾನಿರುವುದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ಭಾನುವಾರ ಸಂಜೆ ಒಂದಷ್ಟು ಹುಡುಗ ಹುಡುಗಿಯರು ನಮ್ಮ ಮನೆಗೆ ಕನ್ನಡ ಓದಲು ಬರುತ್ತಾರೆ. ಎಲ್ಲರೂ ಇಲ್ಲೇ ಹುಟ್ಟಿದವರು. ಮನೆಯಲ್ಲಿ ಕನ್ನಡ ಅಥವಾ ತುಳು, ಸ್ಕೂಲಲ್ಲಿ ಮರಾಠಿ, ಇಂಗ್ಲಿಷ್, ರಸ್ತೆಯಲ್ಲಿ ಹಿಂದಿ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ, ಆದರೆ ಕಥೆ ಹಿಡಿಸಿತು ಅಂದ್ರೆ ವೇಗ ತಾನಾಗೇ ಬರುತ್ತದೆ. ಅವರ ಫೋನಿನ ತುಂಬ ಇಂಗ್ಲಿಷಿನ ಪ್ರೇಮಕಥೆಗಳಿವೆ. ಅಲ್ಲಿ ಹುಡುಗಿಗೆ ಸ್ವಂತ ರೂಮು, ಹುಡುಗನಿಗೆ ಕಾರು, ಇಬ್ಬರಿಗೂ ಖಾಲಿ ಮನೆ. "ಆಂಟಿ, ನಮ್ಮಂಥೋರ ಕಥೆ ಕನ್ನಡದಲ್ಲಿ ಇಲ್ವಾ?" ಅಂತ ಕೇಳಿದ್ದು ಅವರೇ. ಅಂಥದ್ದೊಂದನ್ನು ಈಗ ಬರೆಯುತ್ತಿದ್ದೇನೆ. ಬರೆಯುತ್ತಾ ಹೋದ ಹಾಗೆ ಒಂದು ಮಾತು ನನಗೆ ಗಟ್ಟಿಯಾಗಿದೆ. ಈ ವಯಸ್ಸಿನ ಪ್ರೀತಿ ಓದುವವರಿಗೆ ನಿಜ ಅನ್ನಿಸಬೇಕಾದರೆ, ಅವರು ಎಲ್ಲಿ ಭೇಟಿಯಾಗುತ್ತಾರೆ, ಜೇಬಲ್ಲಿ ಎಷ್ಟಿದೆ, ಫೋನು ಯಾರದ್ದು, ಸಿಕ್ಕಿಬಿದ್ದರೆ ಯಾರು ಏನು ಮಾಡುತ್ತಾರೆ, ಇಷ್ಟನ್ನು ಮೊದಲು ಬರೆಯಬೇಕು. ಮನಸ್ಸಿನ ಮಾತು ಅದರೊಳಗಿಂದಲೇ ಬರುತ್ತದೆ.

ಬೇರೆ ಕಡೆ ಇದು ಹಳೇ ಸಂಗತಿ. ಅಮೆರಿಕದಲ್ಲಿ ಎಸ್. ಇ. ಹಿಂಟನ್ ಅನ್ನುವ ಹುಡುಗಿ ಇನ್ನೂ ಶಾಲೆಯಲ್ಲಿರುವಾಗಲೇ ತನ್ನ ಓರಗೆಯ ಬಡ ಹುಡುಗರ ಬಗ್ಗೆ ಕಾದಂಬರಿ ಬರೆದಳು, 1967ರಲ್ಲಿ ಅದು ಅಚ್ಚಾಯಿತು. 1975ರಲ್ಲಿ ಜೂಡಿ ಬ್ಲೂಮ್ ಒಂದು ಕಾದಂಬರಿ ತಂದರು. ಪ್ರೀತಿಸಿದ ಹುಡುಗ ಹುಡುಗಿಗೆ ಶಿಕ್ಷೆಯಾಗದ, ಯಾರೂ ಸಾಯದ ಕಥೆ ಬೇಕು ಅಂತ ಅವರ ಮಗಳೇ ಕೇಳಿದ್ದಳಂತೆ. ಆ ಪುಸ್ತಕವನ್ನು ಲೈಬ್ರರಿಗಳಿಂದ ತೆಗೆಸಲು ಜನ ವರ್ಷಗಟ್ಟಲೆ ಜಗಳ ಮಾಡಿದರು. ಮಕ್ಕಳು ಓದುವುದನ್ನು ಬಿಡಲಿಲ್ಲ. 2000ದಿಂದ ಅಲ್ಲಿ ಹದಿಹರೆಯದವರ ಪುಸ್ತಕಕ್ಕೇ ಅಂತ ಪ್ರಿಂಟ್ಜ್ ಪ್ರಶಸ್ತಿ ಇದೆ. ನಮ್ಮ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, 2011ರಿಂದ ಯುವ ಪುರಸ್ಕಾರ. ಯುವ ಪುರಸ್ಕಾರ ಇರುವುದು 35 ವರ್ಷದೊಳಗಿನ ಲೇಖಕರಿಗೆ. ಹದಿನೇಳರ ಓದುಗರು ಎರಡಕ್ಕೂ ನಡುವೆ ಎಲ್ಲೋ ನಿಂತಿದ್ದಾರೆ.

ನನ್ನ ಕಥೆಯ ಹುಡುಗಿಯ ಹೆಸರು ಶ್ರುತಿ. ಡೊಂಬಿವಲಿ ಈಸ್ಟಿನಲ್ಲಿ ಒಂದು ರೂಮು, ಒಂದು ಕಿಚನ್ನು. ಅಪ್ಪ ಕುಂದಾಪುರದ ಕಡೆಯವರು, ಮುಂಬೈಯ ಫೋರ್ಟಿನ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಾರೆ. ಹುಡುಗ ಮಲ್ಲೇಶ. ಠಾಣೆ ನಗರದ ವಾಗಳೆ ಎಸ್ಟೇಟ್ ಹತ್ತಿರದ ಬಸ್ತಿಯಲ್ಲಿ, ಅಂದ್ರೆ ಕೊಳೆಗೇರಿಯಲ್ಲಿ, ಮನೆ. ಅವರಪ್ಪ ಕಲಬುರಗಿ ಜಿಲ್ಲೆಯಿಂದ ಬಂದು ಗಾರೆ ಕೆಲಸ ಮಾಡುವವರು. ಬೆಳಿಗ್ಗೆ ನಾಕಾದಲ್ಲಿ ನಿಂತು ಆ ದಿನದ ಕೆಲಸ ಹಿಡಿಯಬೇಕು, ಸಿಗದಿದ್ದರೆ ಊಟದ ಡಬ್ಬಿ ಹಾಗೇ ವಾಪಸ್ ಮನೆಗೆ. ಇಬ್ಬರೂ ಠಾಣೆಯ ಒಂದೇ ಜೂನಿಯರ್ ಕಾಲೇಜು. ಅವಳು ಕಾಮರ್ಸ್, ಅವನು ಆರ್ಟ್ಸ್.

ಇವರನ್ನು ಬೇಕಂತಲೇ ಇಬ್ಬರನ್ನೂ ಕನ್ನಡದವರನ್ನಾಗಿ ಮಾಡಿದೆ. ಮುಂಬೈಯ ಪ್ರೇಮಕಥೆ ಅಂದ ಕೂಡಲೇ ಹುಡುಗಿ ನಮ್ಮವಳು, ಹುಡುಗ ಮರಾಠಿ ಅಥವಾ ಗುಜರಾತಿ ಅಂತ ಬರೆಯುವುದು ರೂಢಿ. ಆದರೆ ಗೋಡೆ ನಮ್ಮ ಒಳಗೇ ಇದೆ. ಕಾಲೇಜಿನಲ್ಲಿ ಇವರಿಬ್ಬರೂ 'ಕಾನಡಿ'. ಯಾರಾದರೂ ಕೀಟಲೆ ಮಾಡಿದರೆ ಇಬ್ಬರಿಗೂ ಒಂದೇ ಏಟು. ಮನೆಗೆ ಬಂದರೆ ಕರಾವಳಿ ಬೇರೆ, ಕಲಬುರಗಿ ಬೇರೆ, ಜಾತಿ ಬೇರೆ, ಗಲ್ಲಾದ ಮೇಲೆ ಕೂರುವವರು ಬೇರೆ, ಇಟ್ಟಿಗೆ ಹೊರುವವರು ಬೇರೆ. ಶ್ರುತಿಯ ಅಮ್ಮ "ನಮ್ಮ ಭಾಷೆಯವ್ರು ಅಲ್ದಾ" ಅಂತ ರಾಜ್ಯೋತ್ಸವದಲ್ಲಿ ಹೆಮ್ಮೆಯಿಂದ ಹೇಳಿದವರು. ಅದೇ ಅಮ್ಮ ಮಲ್ಲೇಶನ ಸರ್‌ನೇಮ್ ಕೇಳಿದ ಮೇಲೆ ಒಂದು ದಿನ ಮಾತೇ ಆಡುವುದಿಲ್ಲ. ಇದನ್ನು ನಾವು ನಮ್ಮ ಸಂಘಗಳ ವೇದಿಕೆ ಮೇಲೆ ಹೇಳುವುದಿಲ್ಲ. ಪ್ರತಿ ಜಾತಿಗೂ ಇಲ್ಲಿ ಸಂಘ ಇದೆ, ಹಾಲ್ ಇದೆ, ಸ್ಕಾಲರ್‌ಶಿಪ್ ಇದೆ, ಸತ್ಯನಾರಾಯಣ ಪೂಜೆ ಇದೆ, ಕ್ರೀಡಾಕೂಟ ಇದೆ. ಹುಡುಗಿಯನ್ನು ಯಾರೋ ಯಾರ ಜೊತೆಗೋ ನೋಡಿದರು ಅನ್ನುವ ಸುದ್ದಿ ಮುಲುಂಡಿನಿಂದ ಕಲ್ಯಾಣದವರೆಗೆ ಓಡುವುದು ಆ ದಾರಿಯಲ್ಲೇ.

ಪ್ರೀತಿ ಶುರುವಾಗುವ ಹೊತ್ತು ಯಾವುದು ಅಂತ ಇಲ್ಲಿಯವರಿಗೆ ಚೆನ್ನಾಗಿ ಗೊತ್ತು. ಮಹಾರಾಷ್ಟ್ರದಲ್ಲಿ ಹತ್ತನೇ ಕ್ಲಾಸು ಮುಗಿದರೆ ಹನ್ನೊಂದಕ್ಕೆ ಜೂನಿಯರ್ ಕಾಲೇಜು. ಅಡ್ಮಿಶನ್ ಆನ್‌ಲೈನಲ್ಲಿ, ಮಾರ್ಕ್ಸ್ ನೋಡಿ. ಹಾಗಾಗಿ ಮನೆ ಎದುರಿನ ಸ್ಕೂಲಿಗೆ ಹೋಗುತ್ತಿದ್ದ ಮಗು ಹದಿನಾರಕ್ಕೆ ಏಕಾಏಕಿ ಐದಾರು ಸ್ಟೇಷನ್ ಆಚೆ ಹೋಗುತ್ತದೆ. ಕಾಲೇಜಿನಿಂದ ಕನ್ಸೆಷನ್ ಫಾರ್ಮು ತಂದು ಪಾಸ್ ತೆಗೆಸಬೇಕು. ಆ ಪಾಸಿನ ಮೇಲೆ ಎಲ್ಲಿಂದ ಎಲ್ಲಿಗೆ ಅಂತ ಬರೆದಿರುತ್ತದೆ. ಡೊಂಬಿವಲಿಯಿಂದ ಠಾಣೆ. ಅದರಾಚೆ ದಾದರಿಗೆ ಹೋಗಬೇಕಾದರೆ ಟಿಕೆಟ್ ತೆಗೆಯಬೇಕು, ಟಿಕೆಟಿಗೆ ದುಡ್ಡು ಬೇಕು, ದುಡ್ಡು ಕೇಳಿದರೆ ಯಾಕೆ ಅಂತ ಕೇಳುತ್ತಾರೆ. ಇವರ ಪ್ರೀತಿಗೆ ಎಷ್ಟು ದೂರ ಹೋಗಬಹುದು ಅನ್ನುವುದನ್ನು ಆ ಪಾಸೇ ಹೇಳಿಬಿಡುತ್ತದೆ. ಹಾಗಾಗಿ ನನ್ನ ಕಥೆಯಲ್ಲಿ ಮರೀನ್ ಡ್ರೈವ್ ಇಲ್ಲ. ಬ್ಯಾಂಡ್‌ಸ್ಟ್ಯಾಂಡಿನ ಬಂಡೆಗಳೂ ಇಲ್ಲ. ಇರುವುದು ಠಾಣೆ ಸ್ಟೇಷನ್ನಿನ ಬ್ರಿಜ್ಜು, ಹೊರಗೆ ಬಂದರೆ ತಲಾವ್‌ಪಾಳಿ, ಮಾಸುಂದಾ ಕೆರೆಯ ದಂಡೆಯ ಕಟ್ಟೆ, ಗಡ್ಕರಿ ರಂಗಾಯತನದ ಪಕ್ಕ ಒಂದು ವಡಾಪಾವ್‌ನಲ್ಲಿ ಅರ್ಧ ಅರ್ಧ. ಪಕ್ಕದ ಕಟ್ಟೆಯಲ್ಲಿ ಇಂಥದ್ದೇ ಇನ್ನೊಂದು ಜೋಡಿ, ಅದರಾಚೆ ಬ್ಲಡ್ ಪ್ರೆಶರಿಗೆ ವಾಕಿಂಗ್ ಬಂದ ಅಜ್ಜಂದಿರು. ಸಾವಿರ ಜನರ ನಡುವೆ ಕೂತು ಒಂದು ಮಾತು ಹೇಳಲು ಅವರು ಕಲಿಯುತ್ತಾರೆ.

ವರ್ಷಕ್ಕೆ ಒಂದೇ ಒಂದು ಬೆಳಿಗ್ಗೆ ಮಾತ್ರ ಡೊಂಬಿವಲಿಯ ಹುಡುಗರಿಗೆ ಪೂರ್ತಿ ಬಿಡುಗಡೆ. ದೀಪಾವಳಿಯ ದಿನ. ಬೆಳಕು ಹರಿಯುವ ಹೊತ್ತಿಗೆ ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡು ಫಡ್ಕೆ ರೋಡಿಗೆ ಬರುತ್ತಾರೆ, ಗಣಪತಿ ದೇವಸ್ಥಾನಕ್ಕೆ ಹೋಗಿ ಕೈ ಮುಗಿದು ರಸ್ತೆಯಲ್ಲೇ ನಿಲ್ಲುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಕಾಲಿಡಲು ಜಾಗ ಇರುವುದಿಲ್ಲ. ಅವತ್ತು ಯಾರ ಮಗಳು ಯಾರ ಪಕ್ಕ ನಿಂತಳು ಅಂತ ಯಾರೂ ಲೆಕ್ಕ ಇಡುವುದಿಲ್ಲ. ಮಲ್ಲೇಶ ಠಾಣೆಯಿಂದ ಮೊದಲ ಗಾಡಿ ಹಿಡಿದು ಬರುವುದು ಅವತ್ತೇ. ಅಣ್ಣನ ಶರ್ಟು, ಭುಜದಲ್ಲಿ ದೊಗಳೆ. ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಅಧ್ಯಾಯ ಇದು. ಸಂತೋಷವನ್ನೂ ಇಷ್ಟೇ ಗಮನ ಕೊಟ್ಟು ಬರೆಯಬೇಕು ಅಲ್ವಾ? ಕಷ್ಟವನ್ನಷ್ಟೇ ಸಾಲಾಗಿ ಪೇರಿಸಿದರೆ, ಈ ಮಕ್ಕಳು ಅಷ್ಟೆಲ್ಲ ಅಪಾಯ ತಲೆ ಮೇಲೆ ಹಾಕಿಕೊಂಡು ಯಾಕೆ ಭೇಟಿಯಾಗುತ್ತಾರೆ ಅನ್ನುವುದೇ ಓದುವವರಿಗೆ ಗೊತ್ತಾಗುವುದಿಲ್ಲ.

ಮನೆಯ ವಿಷಯಕ್ಕೆ ಬರೋಣ. ಒಂದು ರೂಮಿನ ಮನೆಯಲ್ಲಿ ಪ್ರೀತಿ ಮಾಡುವವರಿಗೆ ಅಳಲು ಕೂಡ ಜಾಗ ಇಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅಳುತ್ತಾಳೆ ಅಂತ ಬರೆಯುತ್ತಾರಲ್ಲ, ಇಲ್ಲಿ ಮುನ್ಸಿಪಾಲಿಟಿ ನೀರು ಬರುವುದು ಹೊತ್ತಿಗೆ. ಆ ಹೊತ್ತಿನಲ್ಲಿ ಅಮ್ಮ ಡ್ರಮ್ಮು ತುಂಬಿಸುತ್ತಿರುತ್ತಾರೆ. ಶ್ರುತಿ ಅಳುವುದು ರೈಲಿನಲ್ಲಿ. ಲೇಡೀಸ್ ಡಬ್ಬಿಯಲ್ಲಿ ಬಾಗಿಲ ಹತ್ತಿರ ನಿಂತು, ಗಾಳಿಗೆ ಮುಖ ಕೊಟ್ಟು. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಒಮ್ಮೊಮ್ಮೆ ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕೂತ ಹೆಂಗಸೊಬ್ಬಳು ಸುಮ್ನೆ ಸ್ವಲ್ಪ ಸರಿದು ಕೂರಲು ಜಾಗ ಕೊಡುತ್ತಾಳೆ.

ಫೋನು ಅಪ್ಪನ ಹೆಸರಿನಲ್ಲಿದೆ. ರಿಚಾರ್ಜ್ ಅಪ್ಪನೇ ಮಾಡುವುದು. ಪ್ಯಾಟರ್ನ್ ಲಾಕ್ ತಮ್ಮನಿಗೆ ಗೊತ್ತು, ಯಾಕಂದ್ರೆ ಆಟ ಆಡುವುದು ಅದರಲ್ಲೇ. ಮಲ್ಲೇಶನ ನಂಬರನ್ನು ಅವಳು 'ಅಕೌಂಟ್ಸ್ ಕ್ಲಾಸ್' ಅಂತ ಸೇವ್ ಮಾಡಿಕೊಂಡಿದ್ದಾಳೆ. ರಾತ್ರಿ ಎಲ್ಲರೂ ಸಾಲಾಗಿ ಮಲಗಿದ ಮೇಲೆ ಹೊದಿಕೆಯೊಳಗೆ ಬೆಳಕು ಕಾಣದ ಹಾಗೆ ಟೈಪ್ ಮಾಡಬೇಕು, ಬಂದದ್ದನ್ನು ಓದಿ ಅಳಿಸಬೇಕು. ಹೀಗಾಗಿ ಅವರ ಪ್ರೀತಿಯ ಒಂದು ಕಾಗದವೂ ಉಳಿಯುವುದಿಲ್ಲ. ಹೇಳಿದ್ದನ್ನು ಅವಳು ನೆನಪಲ್ಲೇ ಇಟ್ಟುಕೊಳ್ಳಬೇಕು, ಜಗಳ ಬಂದಾಗ ಯಾರು ಏನು ಹೇಳಿದರು ಅನ್ನುವುದಕ್ಕೂ ದಾಖಲೆ ಇಲ್ಲ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ಭಾಗ. ಒತ್ತಾಯದ ಬಗ್ಗೆ. ನಮ್ಮ ಕಥೆಗಳಲ್ಲಿ ಒತ್ತಾಯ ಮಾಡುವವನು ಯಾವಾಗಲೂ ಕೆಟ್ಟವನೇ. ಬೈಕು, ಸಿಗರೇಟು, ಶ್ರೀಮಂತ ಅಪ್ಪ. ನಿಜದಲ್ಲಿ ಒಳ್ಳೇ ಹುಡುಗನೂ ಒತ್ತಾಯ ಮಾಡುತ್ತಾನೆ, ತಾನು ಮಾಡುತ್ತಿದ್ದೇನೆ ಅಂತ ಅವನಿಗೇ ಗೊತ್ತಿರುವುದಿಲ್ಲ. ಮಲ್ಲೇಶ ಒಳ್ಳೆಯವನು. ಅವನ ಬಸ್ತಿಯ ಗೆಳೆಯರು ದಿನಾ ಚುಡಾಯಿಸುತ್ತಾರೆ, ಪ್ರೀತಿಸ್ತಾಳೆ ಅಂದ್ರೆ ಫೋಟೋ ಕಳಿಸ್ತಿದ್ಲು ಅಂತ. ಒಂದು ರಾತ್ರಿ ಅವನು ಕೇಳುತ್ತಾನೆ. ಎಂಥ ಫೋಟೋ ಅಂತ ಅವಳಿಗೆ ಅರ್ಥವಾಗುತ್ತದೆ. ಆಗಲ್ಲ ಅನ್ನುತ್ತಾಳೆ. ಅವನು ಬೈಯುವುದಿಲ್ಲ, ಬೆದರಿಸುವುದಿಲ್ಲ. ಮಾತು ಬಿಡುತ್ತಾನೆ, ಅಷ್ಟೇ. ಕಾಲೇಜಿನಲ್ಲಿ ಕಂಡರೂ ಕಾಣದ ಹಾಗೆ ಹೋಗುತ್ತಾನೆ. ನಾಲ್ಕು ದಿನ. ಆ ನಾಲ್ಕು ದಿನದಲ್ಲಿ ಅವಳಿಗೆ ಊಟ ಸೇರುವುದಿಲ್ಲ, ತಪ್ಪು ತನ್ನದೇ ಅನ್ನಿಸತೊಡಗುತ್ತದೆ, ಕಳಿಸಿಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಮನಸ್ಸು ಹೇಳುತ್ತದೆ. ಹೊರಗಿನಿಂದ ನೋಡಿದರೆ ಏನೂ ನಡೆದೇ ಇಲ್ಲ. ಒಳಗೆ ಎಲ್ಲವೂ ನಡೆದುಹೋಗಿದೆ.

ಈ ಅಧ್ಯಾಯವನ್ನು ಭಾನುವಾರದ ಮಕ್ಕಳಿಗೆ ಓದಿ ಹೇಳಿದಾಗ ಹುಡುಗಿಯರು ಸುಮ್ಮನಾದರು. ಹುಡುಗನೊಬ್ಬ "ಆಂಟಿ, ಇದು ಫೋರ್ಸ್ ಮಾಡಿದ ಹಾಗಾ?" ಅಂತ ಕೇಳಿದ. ಆ ಪ್ರಶ್ನೆ ಒಂದು ಪಾಠದಿಂದ ಬರುತ್ತಿರಲಿಲ್ಲ. ಕಥೆ ಇದ್ದದ್ದಕ್ಕೆ ಬಂತು. ಆ ಸಂಜೆ ನಾವು ಬೇರೇನೂ ಓದಲಿಲ್ಲ.

ಕಥೆಯಲ್ಲಿ ಐದನೇ ದಿನ ಇಬ್ಬರೂ ತಲಾವ್‌ಪಾಳಿಯಲ್ಲಿ ಎದುರಾಗುತ್ತಾರೆ. ಉಳಿದ ದಿನ ಅವರ ಮಾತೆಲ್ಲ ಹಿಂದಿ ಬೆರೆಸಿದ ಕನ್ನಡ. ಸಿಟ್ಟು ಬಂದಾಗ ಮಾತ್ರ ಅವರವರ ಮನೆಯ ಮಾತು ಹೊರಗೆ ಬರುತ್ತದೆ. ಅವನು "ತಪ್ಪಾತು. ಇನ್ನ ಮ್ಯಾಲ ಕೇಳಂಗಿಲ್ಲ" ಅನ್ನುತ್ತಾನೆ. ಅವಳು "ಕೇಂಡದ್ ಬಿಡ್. ನಾಲ್ಕ್ ದಿನ ಮಾತ್ ಬಿಟ್ಟದ್ ಎಂತಕ್ಕೆ?" ಅನ್ನುತ್ತಾಳೆ. ಅವನ ಹತ್ತಿರ ಅದಕ್ಕೆ ಉತ್ತರ ಇಲ್ಲ. ಉತ್ತರ ಸಿಗಲು ಅವನಿಗೆ ಇನ್ನೂ ಕೆಲವು ಅಧ್ಯಾಯ ಬೇಕು. ಅವಳು ಅವನನ್ನು ಬಿಡುವುದೂ ಇಲ್ಲ, ತಕ್ಷಣ ಕ್ಷಮಿಸುವುದೂ ಇಲ್ಲ.

ಇಲ್ಲಿ ಕಾನೂನಿನ ಮಾತನ್ನೂ ಹೇಳಲೇಬೇಕು, ಯಾಕಂದ್ರೆ ಈ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಹದಿನೆಂಟರ ಒಳಗಿನವರ ಅಂಥ ಫೋಟೋ ಫೋನಿನಲ್ಲಿ ಇಟ್ಟುಕೊಂಡರೂ, ಬೇರೆಯವರಿಗೆ ಕಳಿಸಿದರೂ ಕೇಸಾಗಬಹುದು, ಕಳಿಸಿದವನೂ ಅದೇ ವಯಸ್ಸಿನವನಾದರೂ ಸರಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳು. ಅದಕ್ಕೂ ಮೊದಲು ದೈಹಿಕ ಸಂಬಂಧಕ್ಕೆ ಹುಡುಗಿಯ ಒಪ್ಪಿಗೆಗೆ ಕಾನೂನು ಇಟ್ಟಿದ್ದ ವಯಸ್ಸು 16. ಈಗ 18. ಅಂದರೆ ಹದಿನೇಳರ ಹುಡುಗಿ "ನಾನೇ ಒಪ್ಪಿದ್ದೆ" ಅಂದರೂ ಆ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಮಕ್ಕಳ ಮೇಲೆ ನಿಜವಾಗಿ ದೌರ್ಜನ್ಯ ನಡೆದಾಗ ಈ ಕಾಯ್ದೆ ಎಷ್ಟು ಬೇಕು ಅನ್ನುವುದು ನನಗೆ ಗೊತ್ತು, ಅದನ್ನು ಸಡಿಲ ಮಾಡಿ ಅಂತ ಸುಲಭವಾಗಿ ಹೇಳುವವಳು ನಾನಲ್ಲ. ಆದರೆ ಓಡಿಹೋದ ಜೋಡಿಯ ಮೇಲೆ ಹುಡುಗಿಯ ಅಪ್ಪ ಕೊಡುವ ಕಂಪ್ಲೇಂಟ್ ಕೂಡ ಇದೇ ಕಾಯ್ದೆಯಲ್ಲಿ ದಾಖಲಾಗುತ್ತದೆ. ಕೋರ್ಟುಗಳು ಈ ಬಗ್ಗೆ ಮತ್ತೆ ಮತ್ತೆ ಮಾತಾಡಿವೆ. 2023ರ ಸೆಪ್ಟೆಂಬರ್‌ನಲ್ಲಿ ಕಾನೂನು ಆಯೋಗ ತನ್ನ ವರದಿಯಲ್ಲಿ, ವಯಸ್ಸು ಇಳಿಸುವುದು ಬೇಡ, ಆದರೆ 16ರಿಂದ 18ರ ನಡುವಿನವರ ಪ್ರಕರಣದಲ್ಲಿ ನಿಜವಾಗಿ ಒಪ್ಪಿಗೆ ಇದ್ದದ್ದು ಕಂಡರೆ ಶಿಕ್ಷೆಯ ವಿಷಯದಲ್ಲಿ ನ್ಯಾಯಾಧೀಶರು ವಿವೇಚನೆ ಬಳಸಲು ಅವಕಾಶ ಇರಲಿ ಅಂತ ಹೇಳಿತು.

ಕಥೆ ಬರೆಯುವವಳಿಗೆ ಇದರಲ್ಲಿ ಏನಿದೆ ಅಂದ್ರೆ, ಮಲ್ಲೇಶ ಶ್ರುತಿಗಿಂತ ಕೆಲವು ತಿಂಗಳು ದೊಡ್ಡವನು. ಅವನಿಗೆ ಹದಿನೆಂಟು ತುಂಬಿದ ಬೆಳಿಗ್ಗೆ ಅವನು ದೊಡ್ಡವನು, ಅವಳಿನ್ನೂ ಮಗು. ನಿನ್ನೆವರೆಗೆ ನಡೆದದ್ದಕ್ಕೆ ಕೇಸಾದರೆ ಬಾಲ ನ್ಯಾಯ ಮಂಡಳಿ, ಇವತ್ತಿನಿಂದ ನಡೆದದ್ದಕ್ಕೆ ಪೊಲೀಸ್ ಲಾಕಪ್ಪು, ವಿಶೇಷ ಕೋರ್ಟು. ಆ ಹುಟ್ಟುಹಬ್ಬಕ್ಕೆ ಅವಳು ದುಡ್ಡು ಕೂಡಿಟ್ಟು ಒಂದು ಪೇಸ್ಟ್ರಿ ತರುತ್ತಾಳೆ. ಇಬ್ಬರಿಗೂ ಇದೊಂದೂ ಗೊತ್ತಿಲ್ಲ. ಓದುವವರಿಗೆ ಗೊತ್ತು.

ಪೊಲೀಸರ ಭಯ ಅವರಿಗೆ ಬೇರೆ ರೀತಿಯಲ್ಲಿ ಗೊತ್ತಿದೆ. ಸಮುದ್ರದ ದಂಡೆಯಲ್ಲೋ ಪಾರ್ಕಿನಲ್ಲೋ ಕೂತ ಜೋಡಿಯ ಹತ್ತಿರ ಹವಾಲ್ದಾರ್ ಬಂದು ಅಪ್ಪನ ನಂಬರ್ ಕೇಳುವುದು ಮುಂಬೈಯಲ್ಲಿ ಬೆಳೆದ ಎಲ್ಲರೂ ಕೇಳಿದ ಕಥೆ. 2015ರ ಆಗಸ್ಟ್‌ನಲ್ಲಿ ಮಢ್ ದ್ವೀಪ ಮತ್ತು ಅಕ್ಸಾ ಕಡೆಯ ಹೋಟೆಲುಗಳಿಗೆ ಪೊಲೀಸರು ನುಗ್ಗಿ, ರೂಮು ಮಾಡಿದ್ದ ಜೋಡಿಗಳನ್ನು ಹಿಡಿದು ಪೊಲೀಸ್ ಸ್ಟೇಷನ್ನಿಗೆ ಒಯ್ದಿದ್ದರು. ಅದರಲ್ಲಿ ವಯಸ್ಸಿಗೆ ಬಂದವರೂ ಇದ್ದರು. ಹಲವರ ಮೇಲೆ ಹಾಕಿದ್ದು ಬಾಂಬೆ ಪೊಲೀಸ್ ಕಾಯ್ದೆಯ 110ನೇ ಕಲಮು, ಸಾರ್ವಜನಿಕ ಜಾಗದಲ್ಲಿ ಅಸಭ್ಯ ನಡತೆ ಅಂತ. ಬಾಗಿಲು ಹಾಕಿದ ರೂಮು ಸಾರ್ವಜನಿಕ ಜಾಗ ಹೇಗಾಯಿತು ಅಂತ ಆಗ ಬಹಳ ಚರ್ಚೆಯಾಯಿತು. ದೊಡ್ಡವರಿಗೇ ಹೀಗಾದರೆ ಹದಿನೇಳರವರ ಗತಿ ಏನು? ಅಪ್ಪನ ನಂಬರ್ ಕೊಡು ಅನ್ನುವ ಒಂದು ಮಾತಿಗೆ ಅವರು ಜೇಬಿನಲ್ಲಿದ್ದದ್ದೆಲ್ಲ ತೆಗೆದುಕೊಡುತ್ತಾರೆ.

ನನ್ನ ಕಥೆಯಲ್ಲಿ ಅವರನ್ನು ಹಿಡಿಯುವುದು ಪೊಲೀಸರಲ್ಲ. ಸಂಘದ ಪೂಜೆಗೆ ಹೋಗಿದ್ದ ಅಮ್ಮನಿಗೆ ಒಬ್ಬ ಅಕ್ಕ ಹೇಳುತ್ತಾರೆ, ನಿಮ್ಮ ಮಗಳನ್ನು ಠಾಣೆಯಲ್ಲಿ ನೋಡಿದೆ ಅಂತ. ಇಷ್ಟು ಸಾಕು.

ಇಲ್ಲಿಂದ ಮುಂದೆ ಏನಾಗುತ್ತದೆ ಅನ್ನುವುದು ಮುಂಬೈ ಕನ್ನಡದ ಮನೆಗಳಿಗೆ ಮಾತ್ರ ಗೊತ್ತಿರುವ ಸಂಗತಿ. ಊರಿಗೆ ಕಳಿಸುತ್ತಾರೆ. ಒಂದು ಏಟು, ಒಂದು ಅಳು, ಫೋನು ಕಸಿದುಕೊಳ್ಳುವುದು, ಎರಡನೇ ದಿನ ತತ್ಕಾಲ್ ಟಿಕೆಟ್. ಮಧ್ಯಾಹ್ನ ಕುರ್ಲಾ ಟರ್ಮಿನಸ್ಸಿನಿಂದ ಮತ್ಸ್ಯಗಂಧ ರೈಲು ಹೊರಟರೆ ಮರುದಿನ ಬೆಳಗಾಗುವಾಗ ಕುಂದಾಪುರ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾಗುವ ಮೊದಲು ಇದೇ ಕೆಲಸಕ್ಕೆ ಘಟ್ಟ ಸುತ್ತುವ ಬಸ್ಸಿತ್ತು. ನನ್ನ ವಯಸ್ಸಿನ ಎಷ್ಟು ಹುಡುಗಿಯರು ಹೀಗೆ ವರ್ಷದ ನಡುವೆ ಮಾಯವಾದರೋ. ಬೆಂಚಿನಲ್ಲಿ ಪಕ್ಕ ಕೂತಿದ್ದವಳು ಸೋಮವಾರ ಬರಲಿಲ್ಲ, ಕೇಳಿದರೆ "ಅಜ್ಜಿಗೆ ಹುಷಾರಿಲ್ಲ, ನೋಡ್ಕೊಳ್ಳೋಕೆ ಹೋಗಿದ್ದಾಳೆ" ಅನ್ನುತ್ತಿದ್ದರು. ಆಮೇಲೆ ಮದುವೆ ಕಾಗದ ಬರುತ್ತಿತ್ತು. ಅವರಿಗೆ ಆ ಊರಲ್ಲಿ ಹೇಗೆ ಕಳೆಯಿತು ಅಂತ ಯಾರೂ ಬರೆದಿಲ್ಲ. ನಾನು ಈ ಕಥೆ ಬರೆಯಲು ನಿಜವಾದ ಕಾರಣ ಅವರೇ.

ಶ್ರುತಿಗೆ ಕುಂದಾಪುರ ಅಂದ್ರೆ ಮೇ ತಿಂಗಳ ರಜೆ, ಹಲಸಿನ ಹಣ್ಣು, ಸಮುದ್ರ. ಈಗ ಜುಲೈ. ಮಳೆ ಬಿಡದೆ ಹೊಯ್ಯುತ್ತದೆ, ಬಟ್ಟೆ ಒಣಗುವುದಿಲ್ಲ. ಅಜ್ಜಿ ಏನೂ ಕೇಳುವುದಿಲ್ಲ. "ಉಣ್ಣ್ ಮಗಾ" ಅಂತ ಗಂಜಿ, ಉಪ್ಪಿನಕಾಯಿ ಮುಂದಿಡುತ್ತಾರೆ. ಅತ್ತೆ ಮಾತ್ರ ಅವಳು ಅಂಗಳದಾಚೆ ಕಾಲಿಟ್ಟರೆ ಬಾಗಿಲಿಗೆ ಬರುತ್ತಾರೆ. ಪಕ್ಕದ ಮನೆಯವರಿಗೆ ಕಾರಣ ಮೊದಲೇ ಗೊತ್ತು. ಮಹಾರಾಷ್ಟ್ರ ಬೋರ್ಡಿನ ಹನ್ನೆರಡನೇ ಕ್ಲಾಸು ನಡುವೆ ಬಿಟ್ಟು ಬಂದವಳನ್ನು ಇಲ್ಲಿನ ಪಿಯು ಕಾಲೇಜಿನವರು ಹಾಗೇ ಸೇರಿಸಿಕೊಳ್ಳುವುದಿಲ್ಲ. ಹೀಗೆ ಒಂದು ವರ್ಷ ಹೋಗುತ್ತದೆ. ಈ ಶಿಕ್ಷೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ, ಎಲ್ಲರೂ ಅವಳ ಒಳ್ಳೇದಕ್ಕೇ ಅಂತ ನಂಬಿದ್ದಾರೆ. ಅದಕ್ಕೇ ಅದರ ವಿರುದ್ಧ ಜಗಳ ಮಾಡಲು ಅವಳಿಗೆ ಎದುರಾಳಿಯೇ ಸಿಗುವುದಿಲ್ಲ.

ಮಲ್ಲೇಶನನ್ನು ಯಾರೂ ಎಲ್ಲಿಗೂ ಕಳಿಸುವುದಿಲ್ಲ. ಶ್ರುತಿಯ ಮಾವ ಇಬ್ಬರನ್ನು ಕರೆದುಕೊಂಡು ಬಸ್ತಿಗೆ ಹೋಗಿ, ಪೋಕ್ಸೋ ಹಾಕಿಸ್ತೀನಿ ಅಂತ ಅವರಪ್ಪನ ಮುಂದೆ ಹೇಳಿ ಬರುತ್ತಾರೆ. ಅಪ್ಪನಿಗೆ ಆ ಪದ ಗೊತ್ತಿಲ್ಲ, ಜೈಲು ಅನ್ನುವುದು ಗೊತ್ತು. ಮಗನಿಗೆ ಹೊಡೆಯುವುದಿಲ್ಲ. ಮರುದಿನ ಬೆಳಿಗ್ಗೆ ನಾಕಾಗೆ ಕರೆದುಕೊಂಡು ಹೋಗುತ್ತಾರೆ. ಅವನ ಓದು ಅಲ್ಲಿಗೆ ನಿಂತಿತು. ಹುಡುಗರ ಕಥೆ ಬರೆಯುವಾಗ ನಾವು ಹೃದಯ ಒಡೆಯಿತು ಅಂತ ಬರೆದು ಬಿಡುತ್ತೇವೆ, ಬಡವರ ಮನೆಯ ಹುಡುಗನಿಗೆ ಆ ಪ್ರೀತಿಯ ಬೆಲೆ ಹನ್ನೆರಡನೇ ಕ್ಲಾಸಿನ ಸರ್ಟಿಫಿಕೇಟು ಅನ್ನುವುದನ್ನೂ ಬರೆಯಬೇಕು.

ಕೊನೆ ಬಗ್ಗೆ ಭಾನುವಾರದ ಮಕ್ಕಳಲ್ಲಿ ದೊಡ್ಡ ವಾದವೇ ನಡೆಯಿತು. ಓಡಿಹೋಗಿ ಮದುವೆ ಮಾಡಿಸಿ ಅಂದರು ಕೆಲವರು. ಕಾನೂನಿನಲ್ಲಿ ಹುಡುಗನಿಗೆ 21 ಆಗಬೇಕು ಅಂತ ನೆನಪಿಸಿದೆ. ಸಾಯಿಸಿ ಅಂದವರೂ ಇದ್ದರು, ಕಣ್ಣೀರು ಬರುತ್ತಂತೆ. ನಾನು ಎರಡನ್ನೂ ಮಾಡುವುದಿಲ್ಲ. ಸಾಯಿಸುವುದನ್ನಂತೂ ಖಂಡಿತ ಮಾಡುವುದಿಲ್ಲ. ಇಂಥ ದಿನಗಳನ್ನು ನಿಜವಾಗಿ ಕಳೆಯುತ್ತಿರುವ ಹುಡುಗಿಯ ಕೈಗೆ ನನ್ನ ಪುಸ್ತಕ ಹೋದಾಗ, ಅದರ ಕೊನೆ ಪುಟದಲ್ಲಿ ಸಾವು ಇರಬಾರದು. ಶ್ರುತಿ ಅಜ್ಜಿಯ ಫೋನಿನಿಂದ ಗೆಳತಿಗೆ ಫೋನ್ ಮಾಡಿ ಹದಿನೇಳು ನಂಬರ್ ಫಾರ್ಮಿನ ಬಗ್ಗೆ ಕೇಳುತ್ತಾಳೆ. ಕಾಲೇಜಿಗೆ ಹೋಗದೆ ಹೊರಗಿನಿಂದ ಹನ್ನೆರಡನೇ ಪರೀಕ್ಷೆ ಕಟ್ಟುವವರಿಗೆ ಮಹಾರಾಷ್ಟ್ರ ಬೋರ್ಡಿನಲ್ಲಿ ಇರುವ ದಾರಿ ಅದು. ಅಪ್ಪನ ಹತ್ತಿರ ಮೊದಲ ಸಲ ನೇರವಾಗಿ ಮಾತಾಡುತ್ತಾಳೆ, ಪ್ರೀತಿಯ ಬಗ್ಗೆ ಅಲ್ಲ, ಫಾರ್ಮಿನ ಬಗ್ಗೆ. ಅಪ್ಪ ಒಂದು ವಾರ ಉತ್ತರ ಕೊಡುವುದಿಲ್ಲ. ಆಮೇಲೆ ಟಿಕೆಟ್ ಕಳಿಸುತ್ತಾರೆ.

ಅವಳು ವಾಪಸ್ ಬಂದ ಮೇಲೆ ಇಬ್ಬರೂ ಒಮ್ಮೆ ಭೇಟಿಯಾಗುತ್ತಾರೆ. ಮಲ್ಲೇಶ ಈಗ ಟೈಲ್ಸ್ ಹಾಕುವ ಕೆಲಸ ಕಲಿತಿದ್ದಾನೆ, ಬೆರಳುಗಳ ತುದಿ ಸಿಮೆಂಟಿಗೆ ಒಡೆದಿವೆ. ಅವನಿಗೂ ಅದೇ ಫಾರ್ಮು ತುಂಬು ಅನ್ನುತ್ತಾಳೆ. ಅವನು ನೋಡೋಣ ಅನ್ನುತ್ತಾನೆ. ಪ್ರೀತಿ ಉಳಿಯಿತಾ ಹೋಯಿತಾ ಅಂತ ನಾನಿನ್ನೂ ನಿರ್ಧರಿಸಿಲ್ಲ, ಅವರೂ ನಿರ್ಧರಿಸಿಲ್ಲ.

ನಮ್ಮ ಬಿಲ್ಡಿಂಗಿನ ಒಬ್ಬ ತಾಯಿ ನನ್ನನ್ನು ಮೆಟ್ಟಿಲಲ್ಲಿ ನಿಲ್ಲಿಸಿ, ಇಂಥದ್ದನ್ನೆಲ್ಲ ಮಕ್ಕಳಿಗೆ ಯಾಕೆ ಓದಿಸ್ತೀರಿ ಅಂತ ಕೇಳಿದರು. ಕೋಪದಲ್ಲಿ ಕೇಳಲಿಲ್ಲ, ಹೆದರಿ ಕೇಳಿದರು. ಅವರ ಮಗಳೂ ಭಾನುವಾರ ಬರುತ್ತಾಳೆ. ನಾನು ಹೇಳಿದ್ದಿಷ್ಟೇ: ನಿಮ್ಮ ಮಗಳಿಗೆ ಯಾರಾದರೂ ಫೋಟೋ ಕೇಳಿದರೆ, ಯಾರಾದರೂ ಬೆದರಿಸಿದರೆ, ಅವಳು ಮೊದಲು ಯಾರ ಹತ್ತಿರ ಬರಬೇಕು ಅಂತ ನಿಮಗೆ ಆಸೆ? ನನ್ನ ಹತ್ತಿರ, ಅಂದರು. ಹಾಗಾದರೆ ಈ ಅಧ್ಯಾಯ ನೀವೇ ಮೊದಲು ಓದಿ, ಆಮೇಲೆ ಅವಳ ಜೊತೆ ಮಾತಾಡಿ ಅಂತ ಹಾಳೆಗಳನ್ನು ಅವರ ಕೈಗೆ ಕೊಟ್ಟೆ. ಮನೆಯಲ್ಲಿ ಹೇಳಲು ಆಗದವರಿಗೆ 1098 ಇದೆ, ಮಕ್ಕಳ ಸಹಾಯವಾಣಿ, ಹಗಲು ರಾತ್ರಿ, ದುಡ್ಡು ಬೀಳುವುದಿಲ್ಲ. ಆ ನಂಬರನ್ನು ಕಥೆಯೊಳಗೇ ಇಟ್ಟಿದ್ದೇನೆ. ಶ್ರುತಿಯ ಗೆಳತಿ ಅದನ್ನು ಅವಳ ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆದುಕೊಡುತ್ತಾಳೆ.

ಮುಂದಿನ ತಿಂಗಳಿಂದ ಅಧ್ಯಾಯಗಳನ್ನು ಇಲ್ಲೇ ಒಂದೊಂದಾಗಿ ಹಾಕುತ್ತೇನೆ. ಮುಂಬೈ, ಪುಣೆ, ಗೋವಾ ಎಲ್ಲೇ ಇರಿ, ನಿಮಗೆ ಹದಿನಾರು ಹದಿನೇಳು ಆಗಿದ್ದರೆ ಓದಿ ನೋಡಿ. ಶ್ರುತಿ ಎಲ್ಲಿ ನಿಮ್ಮ ಹಾಗೆ ಮಾತಾಡುತ್ತಿಲ್ಲ, ಅಮ್ಮನ ಹತ್ತಿರ ಯಾವ ಸುಳ್ಳನ್ನು ನೀವಾಗಿದ್ದರೆ ಬೇರೆ ಥರ ಹೇಳುತ್ತಿದ್ದಿರಿ, ಮಲ್ಲೇಶ ಆ ನಾಲ್ಕು ದಿನ ಏನು ಯೋಚನೆ ಮಾಡುತ್ತಿದ್ದ ಅಂತ ನಿಮಗೆ ಅನ್ನಿಸುತ್ತದೆ, ಬರೆದು ಕಳಿಸಿ. ಹುಡುಗರು ಆ ಕೊನೆಯದಕ್ಕೆ ತಪ್ಪದೆ ಬರೆಯಿರಿ, ನನಗೆ ಅದು ನಿಮ್ಮಿಂದಲೇ ಗೊತ್ತಾಗಬೇಕು. ಕನ್ನಡ ಅಕ್ಷರ ಟೈಪ್ ಮಾಡಲು ಬರದಿದ್ದರೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಿರಿ, ಕುಂದಾಪುರದ್ದಾಗಲಿ ಕಲಬುರಗಿಯದ್ದಾಗಲಿ, ಹಿಂದಿ ಬೆರೆತಿದ್ದರೂ ಅಡ್ಡಿಯಿಲ್ಲ.